ಚಾವಡಿಗೆ ಹೋದ ಹಾಸಿಗೆ

ಪ್ರಾಸ್ಟೇಟ್ ಎಂಬ ಗ್ರಂಥಿಯೊಂದು ಗಂಡಸರ ಮೈಯೊಳಗೆ ಇದೆ ಎಂಬುದು ಅರವತ್ತು ಹತ್ತಿರವಾಗುವವರೆಗೂ ನನಗೆ ಗೊತ್ತಿರಲಿಲ್ಲ. ಇವರಿಗೂ ಗೊತ್ತಿರಲಿಲ್ಲ. ಡಾಕ್ಟರು ಆ ಹೆಸರು ಹೇಳಿದಾಗ, ಯಾರೋ ಹಳೆಯ ಗಿರಾಕಿಯನ್ನು ನೆನಪು ಮಾಡಿಕೊಳ್ಳುವವರ ಹಾಗೆ ಇವರು ಹುಬ್ಬು ಗಂಟಿಕ್ಕಿ ಕೂತಿದ್ದರು.

ಇವರೆಂದರೆ ನನ್ನ ಗಂಡ, ಜಯಕರ ಶೆಟ್ಟರು. ಹುಡುಗನಾಗಿದ್ದಾಗಲೇ ಮುಂಬಯಿಯ ಹೋಟೆಲಿನಲ್ಲಿ ಟೇಬಲ್ ಒರೆಸಲು ಸೇರಿ, ಕೊನೆಗೆ ಅದೇ ಹೋಟೆಲಿನ ಕೌಂಟರಿನಲ್ಲಿ ಪಾಲುದಾರರಾಗಿ ಕೂತವರು. ಮದುವೆಯಾದ ಮೇಲೂ ನಾನು ಇಲ್ಲಿಯೇ, ಹಟ್ಟಿಯಂಗಡಿಯಲ್ಲಿ, ಅತ್ತೆ ಮತ್ತು ಮಗಳು ಶ್ವೇತಳ ಜೊತೆಗೆ ಉಳಿದೆ. ಇವರು ಬೇಸಿಗೆಯಲ್ಲಿ ಒಂದು ತಿಂಗಳು ಬರುತ್ತಿದ್ದರು, ಕೆಲವು ವರ್ಷ ಅದೂ ಇಲ್ಲ. ನಮ್ಮ ಕಡೆ ಎಷ್ಟೋ ಮನೆಗಳು ಹಾಗೆಯೇ ನಡೆದದ್ದು. ಅದನ್ನು ಕಷ್ಟ ಎಂದು ಯಾರೂ ಕರೆಯುತ್ತಿರಲಿಲ್ಲ, ನಾನೂ ಕರೆಯಲಿಲ್ಲ. ಅತ್ತೆ ತೀರಿಕೊಂಡು, ಶ್ವೇತ ಮದುವೆಯಾಗಿ ಬ್ರಹ್ಮಾವರಕ್ಕೆ ಹೋದ ಮೇಲೆ, ಅರವತ್ತು ದಾಟಿದ ಇವರು ಪಾಲು ಬಿಟ್ಟುಕೊಟ್ಟು ಊರಿಗೆ ಬಂದರು.

ಮೊದಮೊದಲು ನಮಗೆ ಒಬ್ಬರಿಗೊಬ್ಬರು ಹೊಂದಿಕೆಯಾಗಲಿಲ್ಲ. ನಾನು ಏಳುವ ಮೊದಲೇ ಎದ್ದು ಶುಂಠಿ ಜಜ್ಜಿ ಚಾ ಮಾಡಿಡುತ್ತಿದ್ದರು. ಊಟ ಮುಗಿದ ತಕ್ಷಣ ಟೇಬಲನ್ನು ಎರಡು ಸಲ ಒರೆಸುತ್ತಿದ್ದರು. ನನ್ನ ಅಡುಗೆ ಮನೆಯಲ್ಲಿ ಇನ್ನೊಬ್ಬರು ಓಡಾಡುವುದು ನನಗೆ ಹೊಸದು. ಆಮೇಲೆ ಅದೇ ಹಿತವೆನಿಸಿತು. ಶನಿವಾರ ಇಬ್ಬರೂ ಕುಂದಾಪುರಕ್ಕೆ ಹೋಗಿ, ಮಾರ್ಕೆಟ್ ಮುಗಿಸಿ, ಗಡ್‌ಬಡ್ ಐಸ್‌ಕ್ರೀಮ್ ತಿಂದು ಬರುತ್ತಿದ್ದೆವು. ನೆರೆಯವರು ಹೊಸದಾಗಿ ಮದಿ ಆದವರು ಎಂದು ನಗೆಯಾಡುತ್ತಿದ್ದರು. ಹೇಳಲು ನನಗೆ ನಾಚಿಕೆಯಿಲ್ಲ, ಅದು ಎಲ್ಲ ಅರ್ಥದಲ್ಲೂ ಹೊಸ ಸಂಸಾರವೇ ಆಗಿತ್ತು. ಇದನ್ನು ಬರೆಯದೆ ಬಿಟ್ಟರೆ ಮುಂದಿನದ್ದು ಅರ್ಥವಾಗುವುದಿಲ್ಲ.

ಎರಡು ವರ್ಷವೂ ತುಂಬಿರಲಿಲ್ಲ. ಇವರು ಬಚ್ಚಲಿಗೆ ಹೋದರೆ ಬೇಗ ಹೊರಗೆ ಬರುತ್ತಿರಲಿಲ್ಲ. ಬಂದ ಸ್ವಲ್ಪ ಹೊತ್ತಿಗೆ ಮತ್ತೆ ಹೋಗಬೇಕು. ಕೇಳಿದರೆ ವಯಸ್ಸು ಎನ್ನುತ್ತಿದ್ದರು. ಒಮ್ಮೆ ಶ್ವೇತಳ ಮನೆಗೆ ಹೋಗುವಾಗ ಕೋಟದ ಹತ್ತಿರ ಎದ್ದು ನಿಂತು, ಬಸ್ಸು ನಿಲ್ಲಿಸುವಂತೆ ಕಂಡಕ್ಟರನ್ನು ಕೇಳಿದರು. ನೀನು ಹೋಗು, ನಾನು ಹಿಂದಿನ ಬಸ್ಸಿಗೆ ಬರುತ್ತೇನೆ ಎಂದರು. ನಾನೂ ಇಳಿದೆ. ಇವರು ಒಂದು ಪಾಗಾರದ ಗೋಡೆಯ ಹಿಂದೆ ಹೋಗಿ ನಿಂತಷ್ಟು ಹೊತ್ತೂ ನಾನು ಹೆದ್ದಾರಿಯ ಬದಿಯಲ್ಲಿ ಚೀಲ ಹಿಡಿದು, ಯಾರೋ ಬರುವುದನ್ನು ಕಾಯುತ್ತಿದ್ದೇನೆ ಎಂಬಂತೆ ಆಚೆ ನೋಡುತ್ತಾ ನಿಂತಿದ್ದೆ. ವಾಪಸು ಬಂದಾಗ ಇವರ ಮುಖ ಬೆವೆತಿತ್ತು. ಶ್ವೇತ ಶಾಲೆಯಲ್ಲಿ ಟೀಚರು. ವಿಷಯ ಗೊತ್ತಾದದ್ದೇ ಅವಳು ವಯಸ್ಸಿನ ಮಾತನ್ನು ಒಪ್ಪಲಿಲ್ಲ. ಮರುದಿನವೇ ರಕ್ತ ಪರೀಕ್ಷೆ ಮಾಡಿಸಿದಳು.

ರಕ್ತದಲ್ಲಿ ಸಂಶಯ ಬಂದು, ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ ಹೋಗಿ, ಸೂಜಿ ಹಾಕಿ ತುಣುಕು ತೆಗೆದು, ವರದಿ ಬರುವವರೆಗೆ ಕಾದದ್ದು ಇಡೀ ಕಾಯಿಲೆಯಲ್ಲೇ ಉದ್ದದ ದಿನಗಳು. ಆ ದಿನಗಳಲ್ಲಿ ಇವರು ಮನೆಯ ಸ್ವಿಚ್ಚುಗಳನ್ನೆಲ್ಲ ಬಿಚ್ಚಿ ಒರೆಸಿ ಮತ್ತೆ ಹಾಕಿದರು. ನಾನು ಇದ್ದಬದ್ದ ಪಾತ್ರೆಗಳನ್ನೆಲ್ಲ ತೊಳೆದೆ. ಕೊನೆಗೆ ಕ್ಯಾನ್ಸರ್ ಎಂದೇ ಬಂತು. ಗ್ರಂಥಿಯಿಂದ ಸ್ವಲ್ಪ ಹೊರಗೆ ದಾಟಿದೆ, ಮೂಳೆಗೆ ಹೋಗಿಲ್ಲ, ಆಪರೇಷನ್ ಬೇಡ ಎಂದು ಡಾಕ್ಟರು ಹೇಳಿದರು. ಕೆಲವು ವಾರ ಕರೆಂಟು, ಎಂದರೆ ರೇಡಿಯೇಷನ್, ಕೊಡುವುದು, ಜೊತೆಗೆ ಮೂರು ತಿಂಗಳಿಗೊಮ್ಮೆ ಹೊಟ್ಟೆಗೆ ಒಂದು ಇಂಜೆಕ್ಷನ್. ಇದು ಅಂಟುವ ಕಾಯಿಲೆಯಲ್ಲ, ಯಾರ ನಡತೆಯಿಂದಲೂ ಬರುವುದಲ್ಲ ಎಂದು ನಾವು ಕೇಳುವ ಮೊದಲೇ ಹೇಳಿದರು. ಆಮೇಲೆ ನನ್ನನ್ನು ಸ್ವಲ್ಪ ಹೊರಗೆ ಕೂರಲು ಹೇಳಿ ಇವರೊಬ್ಬರ ಜೊತೆ ಮಾತಾಡಿದರು. ಇವರು ಹೊರಗೆ ಬಂದಾಗ ಡಾಕ್ಟರು ಏನೆಂದರು ಎಂದು ಕೇಳಿದೆ.

"ಎಂತ ಇಲ್ಲೆ. ನೀರ್ ಜಾಸ್ತಿ ಕುಡೀಕಂಬ್ರ್" ಎಂದರು.

ಸುದ್ದಿ ತಿಳಿದು ಶಂಕರನಾರಾಯಣ ಎಂಬ ಊರಿನಿಂದ ಇವರ ಅಕ್ಕ ಬಂದರು. ಊರಕೋಳಿ, ತೆಂಗಿನಕಾಯಿ ಎಲ್ಲ ಹೊತ್ತುಕೊಂಡೇ ಬಂದಿದ್ದರು, ತಮ್ಮನ ತಲೆ ಸವರಿ ಅತ್ತರು. ಹೊರಡುವ ಮೊದಲು ನನ್ನನ್ನು ಹಿತ್ತಲಿಗೆ ಕರೆದು, ಅಷ್ಟು ವರ್ಷ ಬೊಂಬಾಯಿಯಲ್ಲಿ ಒಬ್ಬನೇ ಇದ್ದವ, ಅದರಿಂದ ಏನಾದರೂ ಬಂದದ್ದಾ ಎಂದು ಮೆಲ್ಲಗೆ ಕೇಳಿದರು. ಡಾಕ್ಟರು ಹೇಳಿದ್ದನ್ನೇ ಹೇಳಿದೆ. ಊರು ಬಿಟ್ಟು ಹೋಗದವರಿಗೂ ಇದು ಬರುತ್ತದೆ ಎಂದೆ. ಅತ್ತಿಗೆ ತಲೆಯಾಡಿಸಿದರು, ನಂಬಿದರೋ ಇಲ್ಲವೋ. ತಿರುಗಿ ನೋಡಿದರೆ ಬಾವಿಯ ಹತ್ತಿರ ಇವರು ಕೊಡಪಾನ ಹಿಡಿದು ನಿಂತಿದ್ದರು. ಕೇಳಿಸಿತ್ತು.

ಮೊದಲ ಇಂಜೆಕ್ಷನ್ ಆದ ಕೆಲವು ದಿನಕ್ಕೆ ಇವರು ತಮ್ಮ ಹಾಸಿಗೆ ಸುತ್ತಿಕೊಂಡು ಚಾವಡಿಗೆ, ಮನೆಯ ಮುಂದಿನ ಪಡಸಾಲೆಗೆ, ಹೋದರು. ಎದ್ದೆದ್ದು ಹೋಗುವುದರಿಂದ ನನ್ನ ನಿದ್ದೆ ಹಾಳಾಗುತ್ತದೆ ಎಂಬುದು ಹೇಳಿದ ಕಾರಣ. ಅದಷ್ಟೇ ಆಗಿದ್ದರೆ ನನಗೆ ಅರ್ಥವಾಗುತ್ತಿತ್ತು. ಆದರೆ ಬೆಳಗಿನ ಚಾ ಒಬ್ಬರೇ ಕುಡಿದು ಮುಗಿಸತೊಡಗಿದರು. ಪಕ್ಕದಲ್ಲಿ ಕೂತರೆ ಏನೋ ಕೆಲಸ ನೆನಪಾದಂತೆ ಏಳುತ್ತಿದ್ದರು. ಭುಜದ ಮೇಲೆ ಕೈಯಿಟ್ಟರೆ ಮೈ ಗಟ್ಟಿ ಮಾಡಿಕೊಳ್ಳುತ್ತಿದ್ದರು. ಅತ್ತಿಗೆಯ ಮಾತನ್ನು ನಾನೂ ನಂಬಿದ್ದೇನೆಂದು ತಿಳಿದರೋ, ಅಥವಾ ನನ್ನ ಮೇಲೇ ಬೇಸರ ಬಂತೋ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಯಿತು. ಗಂಡನ ಜೀವದ ಪ್ರಶ್ನೆ ಇರುವಾಗ ಹಾಸಿಗೆಯ ವಿಷಯಕ್ಕೆ ಅಳುತ್ತಿದ್ದೇನಲ್ಲ ಎಂದು ಮತ್ತಷ್ಟು ಅಳು ಬರುತ್ತಿತ್ತು. ಯಾರನ್ನು ಕೇಳುವುದು? ಮಗಳ ಹತ್ತಿರ ಕೇಳುವ ಮಾತಲ್ಲ.

ನಾವಿಬ್ಬರೇ ಮಾತಾಡಿಕೊಳ್ಳಬಹುದಿತ್ತು ಎಂದು ನಿಮಗೆ ಅನ್ನಿಸಬಹುದು. ನಮ್ಮ ಮಾತೆಲ್ಲ ಬೆಳೆದದ್ದು ಭಾನುವಾರದ ಫೋನಿನಲ್ಲಿ. ಈ ಕಡೆ ಅತ್ತೆ, ಆ ಕಡೆ ಬಿಲ್ಲು ಕೊಡಲು ನಿಂತ ಗಿರಾಕಿ. ಮಳೆ ಬಂತಾ, ಶ್ವೇತಳ ಜ್ವರ ಬಿಟ್ಟಿತಾ, ಗದ್ದೆ ನಾಟಿ ಆಯಿತಾ. ಇದಕ್ಕಿಂತ ಒಳಗಿನ ಮಾತು ಆಡಿ ನಮಗೆ ಅಭ್ಯಾಸವಿರಲಿಲ್ಲ.

ಕರೆಂಟು ಕೊಡುವ ವಾರಗಳಲ್ಲಿ ನಾವು ಬ್ರಹ್ಮಾವರದಲ್ಲಿ ಶ್ವೇತಳ ಮನೆಯಲ್ಲಿ ಉಳಿದೆವು. ಅಲ್ಲಿಂದ ಆಸ್ಪತ್ರೆಗೆ ಹತ್ತಿರ. ಅವಳು ಕೊಟ್ಟ ಕೋಣೆಯಲ್ಲೂ ಇವರು ಮಂಚ ಸೊಂಟಕ್ಕೆ ಆಗುವುದಿಲ್ಲ ಎಂದು ನೆಲದಲ್ಲಿ ಮಲಗಿದರು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಉದ್ದಕ್ಕೆ ಕುರ್ಚಿಗಳು. ಗಂಡಸರು ಅಲ್ಲಿ ಬಾಟಲಿಗಟ್ಟಲೆ ನೀರು ಕುಡಿದು, ಮೂತ್ರಕೋಶ ತುಂಬಿಸಿಕೊಂಡು, ತಡೆದು ಕೂರಬೇಕು. ತುಂಬಿದ್ದರೆ ಮಾತ್ರ ಕರೆಂಟು ಸರಿಯಾದ ಜಾಗಕ್ಕೆ ಬೀಳುತ್ತದಂತೆ. ತಡೆಯಲಾಗದ ಕಾಯಿಲೆಯವರನ್ನೇ ತಡೆದುಕೊಂಡು ಕೂರಿಸುವುದು. ಮೊಣಕಾಲು ಜೋಡಿಸಿ, ಗೋಡೆ ನೋಡುತ್ತಾ, ಒಬ್ಬರೂ ಮಾತಾಡದೆ ಕೂತಿರುತ್ತಿದ್ದರು. ಪ್ರತಿಯೊಬ್ಬರ ಪಕ್ಕದಲ್ಲೂ ಒಬ್ಬ ಹೆಂಗಸು, ಮಡಿಲಲ್ಲಿ ನೀರಿನ ಬಾಟಲಿ.

ಬೈಂದೂರಿನ ನಾರಾಯಣಣ್ಣ ಒಬ್ಬರೇ ಆ ಮೌನ ಮುರಿಯುತ್ತಿದ್ದದ್ದು. ಬೋಟಿನಲ್ಲಿ ತಾಂಡೇಲರಾಗಿದ್ದವರು, ಎಂದರೆ ಮೀನುಗಾರರ ತಂಡಕ್ಕೆ ಮುಖ್ಯಸ್ಥರು. ದೊಡ್ಡ ಮೈ, ಹೆಗಲ ಮೇಲೆ ಕೆಂಪು ಬೈರಾಸು ಟವೆಲು. "ಸಮುದ್ರದ್ ಮೇಲೇ ಬೆಳ್ದವ ನಾನ್. ನೀರ್ ಕಂಡ್ ಹೆದ್ರುದ್ ಇದೇ ಮೊದ್ಲ್" ಎಂದು ಬಾಟಲಿ ಎತ್ತಿ ತೋರಿಸಿ ಎಲ್ಲರನ್ನೂ ನಗಿಸಿದ್ದರು. ಅವರ ಹೆಂಡತಿ ಸೀತಕ್ಕ ನನ್ನ ಪಕ್ಕ ಕೂರುತ್ತಿದ್ದರು.

ಒಂದು ದಿನ ಯಂತ್ರ ಕೆಟ್ಟು ತಡವಾಯಿತು. ಇವರ ಸರದಿ ಹತ್ತಿರ ಬಂದಿತ್ತು, ಹೊಟ್ಟೆ ತುಂಬ ನೀರು. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎನ್ನುತ್ತಾ ಎಷ್ಟೋ ಹೊತ್ತಾಯಿತು. ಇವರು ಸರಕ್ಕನೆ ಎದ್ದು ನಿಂತರು. ಅಷ್ಟರಲ್ಲಿ ಬಿಳಿ ಪಂಚೆ ಒದ್ದೆಯಾಗಿ, ನೆಲಕ್ಕೂ ಇಳಿದಿತ್ತು. ಇವರು ಅಲ್ಲಾಡಲಿಲ್ಲ. ಮುಖ ಎತ್ತಲೂ ಇಲ್ಲ. ಜೀವಮಾನವಿಡೀ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೌಂಟರಿನಲ್ಲಿ ಕೂತ ಮನುಷ್ಯ. 

ನೆಲ ಒರೆಸುವ ಹೆಂಗಸು ಬಂದು, ಮಿಷನ್ ಲೇಟಾದದ್ದು, ನಮ್ಮದೇ ತಪ್ಪು ಎಂದು ಯಾರಿಗೂ ಅಲ್ಲದಂತೆ ಹೇಳಿ ಒರೆಸಿದಳು. ನಾರಾಯಣಣ್ಣ ಎದ್ದು ತಮ್ಮ ಬೈರಾಸನ್ನು ಇವರ ಸೊಂಟಕ್ಕೆ ಸುತ್ತಿ, ಹೆಗಲ ಮೇಲೆ ಕೈಹಾಕಿ, ಈ ವರ್ಷ ಬಲೆಗೆ ಬಂಗುಡೆ ಮೀನು ಬಿದ್ದ ಕತೆ ಹೇಳುತ್ತಾ ಬಚ್ಚಲಿನ ಕಡೆಗೆ ನಡೆಸಿಕೊಂಡು ಹೋದರು. ಬಾಗಿಲು ಮುಚ್ಚುವವರೆಗೂ ಬಂಗುಡೆಯ ಮಾತು ಕೇಳಿಸುತ್ತಲೇ ಇತ್ತು. ಉಳಿದ ಗಂಡಸರು ಯಾರೂ ಆ ಕಡೆ ನೋಡಲಿಲ್ಲ. ಆ ನೋಡದಿರುವಿಕೆಗೆ ಈಗಲೂ ಕೈಮುಗಿಯುತ್ತೇನೆ.

ನಾನು ಸೆರಗು ಬಾಯಿಗೆ ಹಿಡಿದು ಕೂತಿದ್ದೆ. ಸೀತಕ್ಕ ನನ್ನ ಕಡೆಗೆ ಬಾಗಿ ಕೇಳಿದರು.

"ನಿಮ್ಮವ್ರ್ ಹೊಟ್ಟಿಗ್ ಸೂಜಿ ತಕಂತ್ರಾ?"

ಹೌದೆಂದೆ.

"ಬೇರೆ ಮಲ್ಗತ್ರಾ?"

ನಾನು ಮುಖ ಆಚೆ ತಿರುಗಿಸಿದೆ. 

"ನಮ್ಮವ್ರೂ ಹಾಂಗೇ ಮಾಡಿರ್. ಆ ಮದ್ದ್ ಗಂಡ್ಸ್ರ ಆಸೆ ಎಲ್ಲ ತೆಗಿತ್ತ್ ಅಕ್ಕ. ನಿಮ್ ಮೇಲ್ ಮನ್ಸಿಲ್ದೆ ಅಲ್ಲ. ಡಾಕ್ಟ್ರ್ ಅವ್ರಿಗ್ ಹೇಳಿರ್ತ್ರ್, ಅವ್ರ್ ನಿಮ್ಗ್ ಹೇಳ್ಲಿಲ್ಲೆ, ಅಷ್ಟೇ."

ನನಗೆ ಮೊದಲು ಬಂದದ್ದು ಸಿಟ್ಟು. ನನ್ನನ್ನು ಹೊರಗೆ ಕೂರಿಸಿ ಆಡಿದ ಮಾತು ಇದೇ ಎಂದು ಗೊತ್ತಾಯಿತು. ಸಿಟ್ಟಿನ ಹಿಂದೆಯೇ ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಅಷ್ಟು ಜನರ ನಡುವೆ ಬಿಕ್ಕಿ ಅತ್ತೆ. ಸೀತಕ್ಕ ಬೆನ್ನು ಸವರುತ್ತಾ, ಅವರ ಮನೆಯಲ್ಲಿ ತಿಂಗಳುಗಟ್ಟಲೆ ಹೀಗೆಯೇ ನಡೆದದ್ದು, ಕೊನೆಗೆ ತಾವೇ ಬಾಯಿಬಿಟ್ಟು ಕೇಳಿದ್ದು ಎಲ್ಲ ಹೇಳಿದರು. ನೀವೂ ಕೇಳಿ ಎಂದರು. ನಾನು ತಲೆಯಾಡಿಸಿದೆ. ಆದರೆ ಮನೆಗೆ ಬಂದು ಕೇಳಲಾಗಲಿಲ್ಲ. ಪಂಚೆ ಒದ್ದೆಯಾದ ದಿನದಿಂದ ಇವರು ಇನ್ನಷ್ಟು ಕುಗ್ಗಿಹೋಗಿದ್ದರು.

ಕರೆಂಟು ಮುಗಿಸಿ ಹಟ್ಟಿಯಂಗಡಿಗೆ ಬಂದ ಮೇಲೆ ಒಂದು ಬೆಳಿಗ್ಗೆ, ಚಳಿಗಾಲ, ನಾನು ಹಿತ್ತಲಲ್ಲಿ ಮೀನು ಕೊಯ್ಯುತ್ತಿದ್ದೆ. ಬಾವಿಕಟ್ಟೆಯಲ್ಲಿ ನೀರು ಸುರಿದ ಸದ್ದಾಯಿತು. ನೋಡಿದರೆ ಇವರು ಅಂಗಿ ಪಂಚೆ ಸಮೇತ ತಲೆಗೆ ನೀರು ಹೊಯ್ದುಕೊಳ್ಳುತ್ತಿದ್ದರು. ಮುಖ ಕುತ್ತಿಗೆ ಕೆಂಪಾಗಿತ್ತು.

"ಒಳ್ಗಿಂದ ಬೆಂಕಿ ಹಾಕ್ದಾಂಗ್ ಆತಿತ್ತ್. ಎದಿ ಹಾರ್ತಿತ್ತ್. ಶ್ವೇತಂಗ್ ಫೋನ್ ಮಾಡ್" ಎಂದರು.

ನಾನು ಕೈ ತೊಳೆದು ಇವರ ಕುತ್ತಿಗೆಯ ಹಿಂದೆ ಮುಟ್ಟಿದೆ. ಆ ಬಿಸಿ, ಅಲೆಯಂತೆ ಮೇಲೆ ಏರುವ ಆ ಬಿಸಿ, ನನಗೆ ಗೊತ್ತಿತ್ತು. ಫೋನ್ ಬೇಡ, ಕೂತುಕೊಳ್ಳಿ, ಈಗ ಇಳಿಯುತ್ತದೆ ಎಂದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಇಳಿಯಿತು, ಚಳಿಯಿಂದ ನಡುಕ ಬಂತು. ಟವೆಲು ತಂದು ತಲೆ ಒರೆಸಿದೆ. ಎಷ್ಟೋ ದಿನದ ಮೇಲೆ ನನ್ನ ಕೈಯಿಂದ ಸರಿದುಕೊಳ್ಳದೆ ಕೂತರು.

"ನಿಂಗ್ ಹ್ಯಾಂಗ್ ಗೊತ್ತಾಯ್ತ್, ಇಳಿತ್ತ್ ಅಂದೇಳಿ?"

"ನಂಗೂ ಹೀಂಗೇ ಆತಿದ್ದಿತ್. ಮುಟ್ಟ್ ನಿಲ್ಲು ಹೊತ್ತಿಗೆ."

"ಯಾವಾಗ?"

"ನೀವ್ ಬೊಂಬಾಯಂಗ್ ಇಪ್ಪು ಹೊತ್ತಿಗೆ. ಮೂರ್ನಾಲ್ಕ್ ವರ್ಷ."

ಇವರು ತಲೆಯೆತ್ತಿ ನನ್ನನ್ನು ನೋಡಿದರು. "ಫೋನಂಗೆ ಹೇಳ್ಲೇ ಇಲ್ಲೆ ನೀನ್."

"ಅತ್ತೆ ಪಕ್ಕದಂಗೇ ಇದ್ದಿರ್. ಹೇಳಿರೂ ನೀವ್ ಅಲ್ಲಿಂದ ಎಂತ ಮಾಡ್ತಿದ್ರಿ?"

ಆಮೇಲೆ ಒಂದೊಂದಾಗಿ ಕೇಳತೊಡಗಿದರು. ಒಲೆಯ ಮುಂದೆ ಇರುವಾಗಲೂ ಬರುತ್ತಿತ್ತಾ? ಸುಮ್ಮಸುಮ್ಮನೆ ಅಳು ಬರುತ್ತಿತ್ತಾ? ಹಾಲು ಉಕ್ಕಿ ಹೋದದ್ದಕ್ಕೆ ಕೂತು ಅತ್ತದ್ದಿದೆ ಎಂದೆ. ತಾವೂ ಟಿವಿಯಲ್ಲಿ ಜಾಹೀರಾತು ನೋಡಿ ಅತ್ತದ್ದನ್ನು, ತಲೆ ಕೆಡುತ್ತಿದೆಯೇನೋ ಎಂದು ಹೆದರಿದ್ದನ್ನು ಹೇಳಿದರು. ಎದೆಯ ಹತ್ತಿರ ನೋವು, ಮೈ ಮೆತ್ತಗಾದದ್ದು, ಅದನ್ನು ಮುಚ್ಚಲು ದೊಡ್ಡ ಅಂಗಿ ಹಾಕಿಕೊಳ್ಳುವುದು, ಎಲ್ಲ ಹೊರಗೆ ಬಂತು. ಕೊನೆಗೆ ಡಾಕ್ಟರು ಅಂದು ಒಳಗೆ ಹೇಳಿದ್ದೂ ಬಂತು. ನೆಲ ನೋಡುತ್ತಾ ಹೇಳಿದರು.

"ಗುಲಾಬಿ, ನಾನೀಗ ಗಂಡ್ಸಲ್ಲ."

ಸೀತಕ್ಕ ಹೇಳಿದ್ದು ನೆನಪಾಯಿತು, ಸಮಾಧಾನದ ಮಾತುಗಳೂ ಹತ್ತಾರು ನೆನಪಾದವು. ಬಾಯಿಗೆ ಬಂದದ್ದು ಬೇರೆ.

"ಮುಟ್ಟ್ ನಿಂತ್ ಕೂಡ್ಲೆ ನಾನ್ ಹೆಂಗ್ಸಲ್ದೆ ಹೋದ್ನಾ? ನೀವ್ ಊರಿಗ್ ಬಂದದ್ದೇ ಅದ್ ನಿಂತ್ ಮೇಲೆ."

ಇವರು ಮುಖ ಮುಚ್ಚಿಕೊಂಡು ಅತ್ತರು, ನಾನು ಪಕ್ಕದಲ್ಲಿ ನಿಂತಿದ್ದೆ. ಅಷ್ಟರಲ್ಲಿ ಕಾಗೆಯೊಂದು ನನ್ನ ಮೀನಿನ ತಟ್ಟೆಗೆ ಬಾಯಿಹಾಕಿ ದೊಡ್ಡ ಬಂಗುಡೆಯನ್ನೇ ಎತ್ತಿಕೊಂಡು ಹಾರಿತು, ಭಾರ ತಾಳದೆ ಪಾಗಾರದಾಚೆ ಬೀಳಿಸಿತು. ಇವರು ಅಳುತ್ತಲೇ ನಕ್ಕರು. ನಾನೂ ನಕ್ಕೆ. ಆ ಮಧ್ಯಾಹ್ನ ನಾನೇ ಚಾವಡಿಗೆ ಹೋಗಿ ಹಾಸಿಗೆ ಸುತ್ತಿ ಒಳಗೆ ತಂದೆ. ಹಾಸಿಗೆ ಒದ್ದೆಯಾಗುತ್ತದೆ, ವಾಸನೆ ಬರುತ್ತದೆ ಎಂದು ತಡೆಯಲು ನೋಡಿದರು. ಮಗಳನ್ನೂ ಸಾಕಿ, ಕೊನೆಗಾಲದಲ್ಲಿ ನಿಮ್ಮ ಅಮ್ಮನನ್ನೂ ನೋಡಿಕೊಂಡವಳಿಗೆ ವಾಸನೆಯ ಹೆದರಿಕೆ ಹೇಳಬೇಡಿ ಎಂದೆ. ಕೆಳಗೆ ಒಂದು ರಬ್ಬರ್ ಶೀಟು ಹಾಕಿದೆ, ಅಷ್ಟೇ.

ಅಂದಿನಿಂದ ಎಲ್ಲ ಸರಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಗೊತ್ತಿದ್ದದ್ದನ್ನು ಕಲಿಸಿದೆ. ಹತ್ತಿಯ ಬನಿಯನ್, ಕುತ್ತಿಗೆಗೆ ಒದ್ದೆ ಬಟ್ಟೆ, ಬಿಸಿ ಚಾ ಕಡಿಮೆ, ಮಧ್ಯಾಹ್ನಕ್ಕೆ ಪುನರ್ಪುಳಿ ಶರಬತ್ತು. ಹೋಟೆಲಿನವರಿಗೆ ಚಾ ಬಿಡಿಸುವುದು ಸುಲಭವಲ್ಲ. ಮುಂದಿನ ಸಲ ಆಸ್ಪತ್ರೆಯಲ್ಲಿ ನಾನು ಹೊರಗೆ ಕೂರಲಿಲ್ಲ. ಕುರ್ಚಿ ಎಳೆದುಕೊಂಡು ಇವರ ಪಕ್ಕದಲ್ಲೇ ಕೂತೆ, ಡಾಕ್ಟರು ನನಗೂ ಸೇರಿಸಿ ಹೇಳಿದರು. ಮೂತ್ರ ಹಿಡಿತಕ್ಕೆ ಬರಲು ಒಳಗಿನ ಸ್ನಾಯು ಬಿಗಿಹಿಡಿದು ಬಿಡುವ ಒಂದು ವ್ಯಾಯಾಮ ಕಲಿಸಿದರು. ಇವರು ಅದನ್ನು ಟಿವಿ ವಾರ್ತೆಯ ಹೊತ್ತಿಗೆ ಮಾಡುತ್ತಾರೆ. ವಾರ್ತೆ ಓದುವವಳನ್ನು ಅಷ್ಟು ಗಂಭೀರವಾಗಿ ನೋಡುವವರು ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಪ್ಯಾಡ್ ತರಲು ಮೊದಮೊದಲು ನಾನೇ ಕುಂದಾಪುರದ ಮೆಡಿಕಲ್ಲಿಗೆ ಹೋಗುತ್ತಿದ್ದೆ, ಇವರು ರಸ್ತೆಯಾಚೆ ಬೇರೆಯವರಂತೆ ನಿಲ್ಲುತ್ತಿದ್ದರು. ಈಗ ಇವರೇ ಕೇಳಿ ತರುತ್ತಾರೆ.

ಇನ್ನೊಂದು ವಿಷಯ, ಯಾರೂ ಬರೆಯದ್ದು. ಮೈಯ ಸುಖ ಹಿಂದಿನ ಹಾಗೆ ಇಲ್ಲ. ಅದು ನನಗೆ ಬೇಕೆನಿಸುತ್ತದೆ. ಬೇಕೆನಿಸುವುದಿಲ್ಲ ಎಂದು ಹೇಳಿ ದೊಡ್ಡತನ ತೋರಿಸಲು ನನಗೆ ಮನಸ್ಸಿಲ್ಲ. ಇವರಿಗೆ ಬೇಕೆನಿಸುವುದಿಲ್ಲ, ಬೇಕೆನಿಸುವುದಿಲ್ಲವಲ್ಲ ಎಂಬ ದುಃಖ ಇವರದ್ದು. ಎರಡು ದುಃಖವೂ ಒಂದೇ ಹಾಸಿಗೆಯಲ್ಲಿ ಮಲಗುತ್ತವೆ. ಇವರ ಕೈ ನನ್ನ ಹೊಟ್ಟೆಯ ಮೇಲೆ ಇರುತ್ತದೆ. ಕೆಲವು ದಿನ ಅದು ಸಾಕು, ಕೆಲವು ದಿನ ಸಾಲುವುದಿಲ್ಲ. ಸಾಲದ ದಿನ ಬಾಯಿಬಿಟ್ಟು ಹೇಳುತ್ತೇವೆ.

ನಾರಾಯಣಣ್ಣನಿಗೆ ಕಾಯಿಲೆ ಬೆನ್ನುಮೂಳೆಗೆ ಏರಿತು. ಕಳೆದ ಮಳೆಗಾಲ ತೀರಿಕೊಂಡರು. ಬೈಂದೂರಿಗೆ ಹೋದಾಗ ಸೀತಕ್ಕ ನನ್ನ ಕೈ ಹಿಡಿದು, ಕೊನೆಯ ತಿಂಗಳಲ್ಲೂ ಅವರು ನಗಿಸುತ್ತಿದ್ದದ್ದನ್ನೇ ಹೇಳಿದರು. ಇವರು ಅಂಗಳದಲ್ಲಿ ಬಂದವರಿಗೆಲ್ಲ ನೀರು ಬೆಲ್ಲ ಹಂಚುತ್ತಾ ಓಡಾಡಿದರು. ವಾಪಸು ಬರುವಾಗ ಹೆಮ್ಮಾಡಿಯವರೆಗೂ ಕಿಟಕಿಯಾಚೆ ನೋಡುತ್ತಿದ್ದರು.

ನಮ್ಮ ಇಂಜೆಕ್ಷನ್ ಈಗ ಮುಗಿದಿದೆ. ರಕ್ತದಲ್ಲಿ ಸಂಖ್ಯೆ ತಗ್ಗಿದೆ, ಆಗಾಗ ಪರೀಕ್ಷೆ ಮಾಡಿಸಬೇಕು. ಪರೀಕ್ಷೆ ಹತ್ತಿರ ಬಂದಾಗ ಇವರು ಮತ್ತೆ ಸ್ವಿಚ್ಚು ಬಿಚ್ಚಲು ಕೂರುತ್ತಾರೆ, ನಾನು ಪಾತ್ರೆ ತೊಳೆಯಲು. ಬಿಸಿ ಬರುವುದು ಕಡಿಮೆಯಾಗಿದೆ. ಮೈ ಹಿಂದಿನಂತಾಗುತ್ತದೋ ಇಲ್ಲವೋ, ಕಾದು ನೋಡಬೇಕು ಎಂದಿದ್ದಾರೆ.

ಕಳೆದ ತಿಂಗಳು ಒಂದು ಭಾನುವಾರ ಶ್ವೇತಳ ಅತ್ತೆಮನೆಯ ಕಡೆಯ ಗಂಡಹೆಂಡಿರು ಬ್ರಹ್ಮಾವರದಿಂದ ನಮ್ಮಲ್ಲಿಗೆ ಬಂದರು. ಗಂಡನಿಗೆ ಇದೇ ಕಾಯಿಲೆ, ಇದೇ ಇಂಜೆಕ್ಷನ್ ಶುರುವಾಗಿತ್ತು. ಗಂಡಸರು ಚಾವಡಿಯಲ್ಲಿ ಕೂತು ಕ್ರಿಕೆಟ್ಟು, ಬಸ್ಸು, ಬಿಸಿಲು ಎನ್ನುತ್ತಿದ್ದರು. ಹೆಂಡತಿ ವಿಮಲ ಅಡುಗೆ ಮನೆಗೆ ಬಂದು ನನ್ನ ಜೊತೆ ಕೂತಳು. ಗಂಡ ಏನು ತಿನ್ನುತ್ತಾನೆ, ಎಷ್ಟು ಸೊರಗಿದ್ದಾನೆ, ಎಲ್ಲ ಹೇಳಿದಳು. ತನ್ನ ಬಗ್ಗೆ ಏನೂ ಹೇಳಲಿಲ್ಲ. ಕಣ್ಣ ಕೆಳಗೆ ಕಪ್ಪಾಗಿತ್ತು. ನಾನು ಮೀನು ಸಾರಿಗೆ ಮಸಾಲೆ ರುಬ್ಬುತ್ತಿದ್ದೆ. ಮಿಕ್ಸಿ ನಿಲ್ಲಿಸಿದಾಗ ಚಾವಡಿಯಲ್ಲಿ ಕ್ರಿಕೆಟ್ಟಿನ ಮಾತು ಮುಗಿದಿತ್ತು. ಇವರ ದನಿ ಮಾತ್ರ ಕೇಳಿಸಿತು.

"ಮೊದ್ಲ್ ಹೆಂಡ್ತಿಗ್ ಹೇಳಿ ಮರಾಯ್ರೆ. ನಾನ್ ಹೇಳ್ದೆ ಹಾಸ್ಗಿ ಚಾವಡಿಗ್ ತಂದೆ. ಅವ್ಳ್ ಅಷ್ಟ್ ದಿನ ಎಂತ ಅಂದ್ಕಂಡ್ ಇದ್ಳೋ, ಇವತ್ತಿಗೂ ನಂಗ್ ಕೇಳುಕ್ ಧೈರ್ಯ ಇಲ್ಲೆ."

  ವಿಮಲ ಕೈಯಲ್ಲಿದ್ದ ಚಾ ಲೋಟವನ್ನು ಕೆಳಗಿಟ್ಟಳು. 

"ಎಂತ ಹೇಳುದ್ ನಿಮ್ಮವ್ರ್?" ಎಂದು ಮೆಲ್ಲಗೆ ಕೇಳಿದಳು.

ನಾನು ಗ್ಯಾಸು ಆರಿಸಿ, ಕೈ ಒರೆಸಿಕೊಂಡು, ಅವಳ ಎದುರಿಗೆ ಕೂತೆ.